ಮಾಸು ಮನೆಗೆ, ರಕ್ತ ಊರಿಗೆ

ಇನ್ನೂ ಸರಿಯಾಗಿ ಬೆಳಕಾಗಿಲ್ಲ. ತುಮಕೂರಿನ ಬಟವಾಡಿಯ ನರ್ಸಿಂಗ್ ಹೋಮಿನಲ್ಲಿ, ಹೆರಿಗೆ ವಾರ್ಡಿನ ಮುಂದಿನ ಬೆಂಚಿನ ಮೇಲೆ ಗುಬ್ಬಿ ಕಡೆಯ ಅಜ್ಜಿಯೊಬ್ಬರು ಸೆರಗಿನ ತುದಿ ಹಿಂಡುತ್ತಾ ಕೂತಿದ್ದಾರೆ. ಒಳಗೆ ಸೊಸೆಗೆ ನೋವು ಶುರುವಾಗಿದೆ. ಆಯಾ ವನಜಮ್ಮ ಎರಡು ಲೋಟ ಟೀ ಹಿಡಿದು ಬಂದು ಪಕ್ಕದಲ್ಲಿ ಕೂರುತ್ತಾರೆ.

"ಮಾಸು ಎಲ್ಲಿ ಹೂಳ್ತೀರಕ್ಕಾ, ನಿಮ್ ಮನೇಲಿ?"

ಅಜ್ಜಿಯ ಮುಖ ಸಡಿಲಾಗುತ್ತದೆ. ಕೂಸಿನ ಹಿಂದೆಯೇ ಬೀಳುವ ಮಾಸನ್ನು ಹೂಳುವುದು ಹಿತ್ತಲ ತೆಂಗಿನ ಬುಡದಲ್ಲಂತೆ. ಅರಿಶಿನ ಕುಂಕುಮ ಇಟ್ಟು, ಹಿಡಿ ರಾಗಿ ಹಾಕಿ, ನಾಯಿ ಕೆದಕದ ಹಾಗೆ ಮೇಲೊಂದು ಚಪ್ಪಡಿ ಎಳೆಯುತ್ತಾರಂತೆ. ಯಾರ ಮಾಸು ಯಾವ ಮರದ ಕೆಳಗಿದೆ ಎಂಬ ವಂಶಾವಳಿಯೇ ಬಿಚ್ಚಿಕೊಳ್ಳುತ್ತದೆ. ವನಜಮ್ಮ ಹೂಂಗುಡುತ್ತಾ ಕೇಳುತ್ತಾರೆ. ಟೀ ಮುಗಿಯುವ ಹೊತ್ತಿಗೆ ತಮ್ಮ ಮಾತು ತೆಗೆಯುತ್ತಾರೆ.

"ಮಾಸು ನಿಮ್ ಕೈಗೇ ಕೊಡ್ತೀನಿ. ಬಳ್ಳಿ ಕತ್ತರಿಸಿದ್ಮೇಲೆ ಅದ್ರೊಳಗೆ ಒಸಿ ರಕ್ತ ಉಳ್ದಿರ್ತದೆ. ಅದ್ನ ಮಾತ್ರ ನಮಗೆ ಬುಟ್ಕೊಡ್ತೀರಾ? ಮಗೀಗೂ ನೋವಿಲ್ಲ, ಬಾಣಂತಿಗೂ ನೋವಿಲ್ಲ. ಇನ್ನೊಂದು ಮನೆ ಕೂಸು ಬದುಕ್ಕಬೋದು."

ಹೆರುವವಳ ಒಪ್ಪಿಗೆಯನ್ನು ಡಾಕ್ಟರು ಚೆಕಪ್ಪಿಗೆ ಬಂದಾಗಲೇ ಪಡೆದಿರುತ್ತಾರೆ. ಆದರೆ ನಮ್ಮ ಸೀಮೆಯಲ್ಲಿ ಸೊಸೆಯ ಸಹಿಗಿಂತ ಅತ್ತೆಯ ಹೂಂಕಾರಕ್ಕೇ ತೂಕ ಹೆಚ್ಚು. ಆ ಹೂಂಕಾರ ತರುವುದು ವನಜಮ್ಮನ ಕೆಲಸ. ಸಂಬಳದ ಚೀಟಿಯಲ್ಲಿ ಈ ಕೆಲಸಕ್ಕೆ ಹೆಸರಿಲ್ಲ.

ಹೊಕ್ಕುಳಬಳ್ಳಿಯ ರಕ್ತದ ಬ್ಯಾಂಕು ಎಂದಾಗ, ವನಜಮ್ಮನ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನೂ ಮೊದಲು ನಕ್ಕವನೇ. ಈಗ, ಈ ೨೦೦೯ರಲ್ಲಿ, ಪಟ್ಟಣದವರ ಬಾಯಲ್ಲೆಲ್ಲ ಅದೇ ಸುದ್ದಿ. ಆ ರಕ್ತದಲ್ಲಿ ಹೊಸ ರಕ್ತ ಹುಟ್ಟಿಸುವ ಕಣಗಳಿರುತ್ತವೆ. ಶೈತ್ಯದಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಮೂಳೆಯ ಮಜ್ಜೆ ಕೈಕೊಟ್ಟವರಿಗೆ ಹೊಂದಿಕೆಯಾದರೆ ಜೀವ ಉಳಿಸಬಹುದು. ಇಡುವುದಕ್ಕೆ ದಾರಿ ಎರಡು, ಖಾಸಗಿ ಬ್ಯಾಂಕು ಮತ್ತು ಸಾರ್ವಜನಿಕ ಬ್ಯಾಂಕು. ವ್ಯತ್ಯಾಸವನ್ನು ವನಜಮ್ಮ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ.

"ಒಂದು ಮನೆ ಬಾವಿ, ಇನ್ನೊಂದು ಊರ ಬಾವಿ. ಮನೆ ಬಾವೀಗೆ ವರ್ಷಾ ವರ್ಷ ದುಡ್ಡು ಕಟ್ಟಬೇಕು, ನೀರು ನಿಮ್ಗೇ. ಊರ ಬಾವೀಗೆ ದುಡ್ಡಿಲ್ಲ, ಯಾರ್ಗೆ ಹೊಂದ್ತದೋ ಅವ್ರಿಗೆ."

ಖಾಸಗಿ ಬ್ಯಾಂಕಿನ ಏಜೆಂಟರೂ ಇಲ್ಲಿಗೆ ಬರುತ್ತಾರೆ. ಆರು ತಿಂಗಳ ಬಸುರಿಯ ಕೈಗೇ ಮಿರುಗುವ ಪಾಂಪ್ಲೆಟ್ಟು ಕೊಡುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಾನು ಕುಟುಕಿದರೆ ವನಜಮ್ಮ ಒಪ್ಪುವುದಿಲ್ಲ. "ಅವ್ರ ಹೊಟ್ಟೆಪಾಡು ಸಾರ್ ಅದು. ಇದ್ದೋರು ಇಟ್ಕೊಳ್ಲಿ. ನಾನು ಇಲ್ದೋರ್ನ ಕೇಳ್ತೀನಿ, ಇದ್ದೋರ್ನೂ ಕೇಳ್ತೀನಿ."

ವನಜಮ್ಮ ಗುಬ್ಬಿ ಹತ್ತಿರದ ಹಳ್ಳಿಯವರು. ತೊಂಬತ್ತನಾಲ್ಕರಲ್ಲಿ ಗಂಡ ತೀರಿಕೊಂಡಾಗ ಏಳು ವರ್ಷದ ಮಗಳ ಕೈ ಹಿಡಿದುಕೊಂಡು ಶೆಟ್ಟಿಹಳ್ಳಿಯ ಬಾಡಿಗೆ ಮನೆಗೆ ಬಂದರು. ನೆಲ ಒರೆಸುವುದು, ರಕ್ತದ ಬಟ್ಟೆ ಒಗೆಯುವುದು, ಬಾಣಂತಿಯರ ಬೆನ್ನು ನೀವುವುದು, ಬೈಸಿಕೊಳ್ಳುವುದು, ಹೀಗೇ ಹದಿನೈದು ವರ್ಷ. ಮಗಳು ಈಗ ಟೀಚರು. ಕೆಲಸ ಬಿಡು ಎಂದು ಅವಳ ಕಾಟ. ಅದು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಹೋಗುತ್ತದೆ. ದಿನಕ್ಕೆ ಮೂರೋ ನಾಲ್ಕೋ ಹೆರಿಗೆ. ಹತ್ತು ಮನೆಯವರನ್ನು ಕೇಳಿದರೆ ಆರು ಮನೆಯವರು ಒಪ್ಪುತ್ತಾರಂತೆ. ಮೊದಲು ಒಂದು ಮನೆಯೂ ಒಪ್ಪುತ್ತಿರಲಿಲ್ಲ.

ಮಾಸಿನ ಮಾತು ಮೊದಲು ಎತ್ತಬೇಕೆಂದು ಅವರಿಗೆ ಕಲಿಸಿದ್ದು ಲಕ್ಷ್ಮೀದೇವಮ್ಮ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಈ ಹೆಂಗಸು ಎರಡು ವರ್ಷದ ಹಿಂದೆ ಸೊಸೆ ಮಾನಸಾಳ ಎರಡನೇ ಹೆರಿಗೆಗೆ ಬಂದಿದ್ದರು. ಮೊದಲ ಮೊಮ್ಮಗಳು ಕೃತಿಕಾಗೆ ಆಗ ಐದು ವರ್ಷ. ಅವಳ ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಿತ್ತು. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕು. ಹುಟ್ಟುವ ತಮ್ಮನದೋ ತಂಗಿಯದೋ ಬಳ್ಳಿರಕ್ತ ಹೊಂದಿದರೆ ಮಗು ಉಳಿಯಬಹುದೆಂದು ಡಾಕ್ಟರು ಹೇಳಿದ್ದರು. ಬೆಂಗಳೂರಿನ ಸಾರ್ವಜನಿಕ ಬ್ಯಾಂಕಿನವರು ಇಂಥ ಮನೆಯವರಿಗೆಂದೇ ಅದನ್ನು ಪುಕ್ಕಟೆ ತೆಗೆದಿಡಲು ಒಪ್ಪಿದ್ದರು. ಮಾನಸಾ ಸಹಿಯನ್ನೂ ಹಾಕಿದ್ದಳು.

ಆದರೆ ಲಕ್ಷ್ಮೀದೇವಮ್ಮ ಮಾಸು ಒಯ್ಯಲೆಂದು ತಂದ ಹೊಸ ಕುಡಿಕೆ ಹಿಡಿದು ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ಕೃತಿಕಾ ಹುಟ್ಟಿದಾಗ ಬೇರೊಂದು ಆಸ್ಪತ್ರೆಯವರು ಮಾಸನ್ನು ಕಸಕ್ಕೆ ಹಾಕಿದ್ದರಂತೆ. ಮಗುವಿನ ರಕ್ತ ಬತ್ತಿದ್ದು ಅದರಿಂದಲೇ ಎಂಬುದು ಅವರ ನಂಬಿಕೆ. "ಒಂದ್ಸಲ ಕಳ್ಕಂಡಿವ್ನಿ. ಈ ಸಲ ಒಂದು ತೊಟ್ಟೂ ಮುಟ್ಟಕ್ಕೆ ಬುಡಲ್ಲ" ಎಂದರು. ಡಾಕ್ಟರು ಹೇಳಿದರು, ಮಗ ಗದರಿದ. ಅವರು ಜಗ್ಗಲಿಲ್ಲ.

ವನಜಮ್ಮ ವಾದ ಮಾಡಲಿಲ್ಲ. "ನೀವೇ ಒಳೀಕೆ ಬನ್ನಿ ಅವ್ವಾ. ಮಾಸು ಬಿದ್ದ ತಕ್ಷಣ ನಿಮ್ ಕೈಲೇ ಇರ್ಲಿ. ಕಸಕ್ಕೋಯ್ತದೋ ಇಲ್ವೋ ನೀವೇ ನೋಡ್ಕಳಿ" ಎಂದು ಡಾಕ್ಟರ ಒಪ್ಪಿಗೆ ಪಡೆದು ಗೌನು, ಗ್ಲೌಸು ತೊಡಿಸಿದರು. ಗಂಡುಮಗು ಅತ್ತಿತು, ಬಳ್ಳಿ ಕತ್ತರಿಸಿದರು, ಮಾಸು ಬಿತ್ತು. ಅದನ್ನಿಟ್ಟ ತಟ್ಟೆಯನ್ನು ಎತ್ತರಕ್ಕೆ ಹಿಡಿದರೆ ರಕ್ತ ತಾನೇ ಕೆಳಗಿನ ಚೀಲಕ್ಕೆ ಇಳಿಯುತ್ತದೆ. ಆ ತಟ್ಟೆ ಹಿಡಿದದ್ದು ಲಕ್ಷ್ಮೀದೇವಮ್ಮ. ನರ್ಸು ಬಳ್ಳಿಗೆ ಸೂಜಿ ಚುಚ್ಚಿದಾಗ ಕಣ್ಣು ಮುಚ್ಚಿಕೊಂಡರು. ಕೈ ಮಾತ್ರ ಇಳಿಸಲಿಲ್ಲ. ಚೀಲ ತುಂಬಿದ ಮೇಲೆ ಮಾಸನ್ನು ತಮ್ಮ ಕುಡಿಕೆಗೆ ತಾವೇ ಹಾಕಿಕೊಂಡರು.

ವಾರಗಳ ಮೇಲೆ ರಿಪೋರ್ಟು ಬಂತು. ಹೊಂದಲಿಲ್ಲ.

"ಅವ್ರ ಮಕಾ ನೋಡಕ್ಕಾಗ್ದೆ ಬಟ್ಟೆ ಒಗೆಯೋ ಕಡೆ ಹೋಗಿ ಕುಂತ್ಕಂಡೆ" ಎನ್ನುತ್ತಾರೆ ವನಜಮ್ಮ. ಲಕ್ಷ್ಮೀದೇವಮ್ಮ ಹುಡುಕಿಕೊಂಡು ಅಲ್ಲಿಗೇ ಬಂದರು. ಬೈಯಲು ಬಂದರೆಂದೇ ಇವರು ತಲೆ ತಗ್ಗಿಸಿದ್ದಾರೆ. ಅವರು ಕೇಳಿದ್ದು ಒಂದೇ, ಆ ಚೀಲವನ್ನು ಈಗ ಏನು ಮಾಡುತ್ತಾರೆ? ಮನೆಯವರು ಒಪ್ಪಿದರೆ ಎಲ್ಲರಿಗೂ ಸಿಗುವ ಹಾಗೆ ಇಡುತ್ತಾರೆ ಎಂದರು ವನಜಮ್ಮ.

"ಹಂಗಾದ್ರೆ ಇಡ್ಲಿ. ಮಾನಸಾನೂ ಅದೇ ಅಂತವ್ಳೆ. ನಮ್ ಕೂಸು ಯಾರ್ಯಾರ್ದೋ ರಕ್ತದಾಗೆ ಉಸ್ರಾಡ್ತಾ ಅದೆ. ಕೊಟ್ಟೋರ ಮಕಾನೂ ನೋಡಿಲ್ಲ, ಒಂದು ಲೋಟ ನೀರೂ ಕೊಟ್ಟಿಲ್ಲ ಅವ್ರಿಗೆ. ಇದು ಅವ್ರಿಗೆ ಹೋಯ್ತು ಅನ್ಕತೀನಿ."

ಇದನ್ನು ಕೇಳಿ ನನ್ನ ಕಣ್ಣು ತುಂಬಿತು ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ. ಕೊಟ್ಟವರಿಗೆ ತಿರುಗಿ ಕೊಡಲಾಗದಿದ್ದರೆ ಮುಂದಿನವರಿಗೆ ಕೊಡಬೇಕೆಂದು ಆ ತಾಯಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಂದಿನಿಂದ ವನಜಮ್ಮ ಮೆಟ್ಟಿಲ ಕೆಳಗೆ ಹೊಸ ಕುಡಿಕೆಗಳನ್ನು ತಂದಿಟ್ಟಿದ್ದಾರೆ. ಮಾಸು ಕೇಳಿದ ಮನೆಯವರು ಬರಿಗೈಯಲ್ಲಿ ಹೋಗುವುದಿಲ್ಲ.

ಕೃತಿಕಾಗೆ ಈಗ ಏಳು. ರಕ್ತ ಏರಿಸಿಕೊಳ್ಳಲು ತುಮಕೂರಿಗೆ ಬಂದಾಗಲೆಲ್ಲ ವನಜಮ್ಮನನ್ನು ನೋಡದೆ ಹೋಗುವುದಿಲ್ಲ. ಬಂದವಳೇ ಇವರ ಜಡೆ ಬಿಚ್ಚಿ ತನಗೆ ಬಂದ ಹಾಗೆ ಹೆಣೆಯುತ್ತಾಳೆ. ಅವಳ ವಿವರ ಬೆಂಗಳೂರಿನ ಬ್ಯಾಂಕಿನಲ್ಲಿದೆ. ಹೊಂದುವ ಚೀಲವೊಂದು ಬಂದರೆ ಪ್ರಯತ್ನ ಮಾಡೋಣ ಎಂದಿದ್ದಾರೆ ಅಲ್ಲಿನ ಡಾಕ್ಟರು. ಇನ್ನೂ ಬಂದಿಲ್ಲ.

ಮೈಗೆ ಹುಷಾರಿಲ್ಲದ ದಿನವೂ ರಜೆ ಹಾಕುವುದಿಲ್ಲವಂತಲ್ಲ, ಯಾಕೆ ಎಂದು ಕೇಳಿದೆ. ಒಳಗಿನಿಂದ ನರ್ಸು ಕೂಗುತ್ತಿದ್ದಾರೆ. ವನಜಮ್ಮ ಏಳುತ್ತಾ ಹೇಳುತ್ತಾರೆ:

"ಯಾವ ತಾಯಿ ಹೊಟ್ಟೇಲಿ ನಮ್ ಕೃತಿಕಾನ ಜೀವ ಅದೆಯೋ ಯಾರಿಗ್ಗೊತ್ತು ಸಾರ್? ನಾನು ಕೇಳ್ದೆ ಬುಟ್ಟೋಳೇ ಆ ತಾಯಿ ಆಗಿದ್ರೆ?"