ಚಳಿಗೆ ಸಿಕ್ಕಿಕೊಂಡ ಪೆನ್ಸಿಲ್ಲು

ಮೊನ್ನೆ ಮಗಳ ಕಂಪಾಸ್ ಬಾಕ್ಸ್ ತೆರೆದು ನೋಡಿದೆ. ಒಳಗೆ ಚೂಪಾದದ್ದೇನಾದರೂ ಇದ್ದು ಶಾಲೆಯಲ್ಲಿ ಯಾರ ಕಣ್ಣಿಗಾದರೂ ಚುಚ್ಚಿಬಿಟ್ಟರೆ ಎಂಬ ಹೆದರಿಕೆ. ಕಂಪಾಸ್ ಬಾಕ್ಸಿನಲ್ಲಿ ಚೂಪಾದದ್ದು ಇರದೆ ಮೆತ್ತನೆಯದು ಇರುತ್ತದೆಯೇ ಎಂದು ಗಂಡ ಕೇಳಿದರು. ಹೆದರಿಕೆಗೆ ಅದೆಲ್ಲ ಎಲ್ಲಿ ತಿಳಿಯುತ್ತದೆ. ಮುಚ್ಚಳ ತೆಗೆಯುತ್ತಲೇ ಪುಡಿಯಾದ ಪೆನ್ಸಿಲ್ ಕಡ್ಡಿಯ ವಾಸನೆ ಬಂತು. ತಣ್ಣಗೆ, ಸ್ವಲ್ಪ ಒಗರಾಗಿ, ಮಳೆಯಲ್ಲಿ ನೆನೆದ ಕಬ್ಬಿಣದ ಗೇಟಿಗೆ ಮೂಗು ತಾಗಿಸಿದ ಹಾಗೆ. ಹಿಂದೆ ಒತ್ತಿದರೆ ಮುಂದೆ ಕಡ್ಡಿ ಬರುವ ಪ್ಲಾಸ್ಟಿಕ್ಕಿನ ಪೆನ್ ಪೆನ್ಸಿಲ್ಲೊಂದು ಬಾಯಿ ಕಟ್ಟಿಕೊಂಡು ಬಿದ್ದಿತ್ತು. "ಅದು ಹಾಳಾಯ್ತು ಅಮ್ಮಾ, ಬಿಸಾಕು" ಎಂದಳು ಮಗಳು. ನಾನು ಬಿಸಾಡಲಿಲ್ಲ, ಸರಿಮಾಡಲೂ ಇಲ್ಲ, ಸುಮ್ಮನೆ ಹಿಡಿದುಕೊಂಡು ಕೂತೆ. ಆ ವಾಸನೆ ನನ್ನನ್ನು ಎಳೆದುಕೊಂಡು ಹೋಗಿ ಕಾರವಾರದ ಹತ್ತಿರದ ಚಿತ್ತಾಕುಲದ ನಮ್ಮ ಹಳೆಯ ಮನೆಯ ಜಗಲಿಯಲ್ಲಿ ಕೂರಿಸಿತು. ನಿಮಗೂ ಅಂಥದೊಂದು ಜಗಲಿ ಇದ್ದಿರಬಹುದು, ಈಗ ಇರಲಿಕ್ಕಿಲ್ಲ.

ಆ ಜಗಲಿಯ ಬಲಮೂಲೆ ಅಜ್ಜನದು. ಕಾರವಾರದ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತನಾದವನು. ಜೀವಮಾನವಿಡೀ ಪೆನ್ಸಿಲ್ ಹಿಡಿದದ್ದರಿಂದ ಅವನ ಮಧ್ಯದ ಬೆರಳಿನಲ್ಲಿ ಹುಣಸೆಬೀಜದಂಥ ಗಂಟು ಇತ್ತು. ನನಗೆ ಹನ್ನೆರಡು ತುಂಬುವ ಹೊತ್ತಿಗೆ, ಎರಡು ಸಾವಿರದ ಇಸವಿಯ ಆಸುಪಾಸು, ಅವನು ಹಳೆಯ ಲೋಹದ ಪೆನ್ಸಿಲ್ಲುಗಳನ್ನು ರಿಪೇರಿ ಮಾಡುವುದರಲ್ಲಿ ಮುಳುಗಿದ್ದ. ನಮ್ಮ ಕಡೆ ಅಂಥವು ಮನೆಮನೆಯಲ್ಲೂ ಸಿಗುತ್ತಿದ್ದವು. ಗೋವಾದಲ್ಲಿ ಪೋರ್ಚುಗೀಸರಿದ್ದ ಕಾಲದಲ್ಲಿ ಯಾರದೋ ಮಾವ ತಂದದ್ದು, ಹಡಗಿನಲ್ಲಿ ದುಡಿದು ಬಂದ ಚಿಕ್ಕಪ್ಪ ಕೊಟ್ಟದ್ದು. ಮೀನಿನ ಹರಾಜಿನಲ್ಲಿ ಬರೆದುಕೊಳ್ಳುವವರಿಗೆ ಅವೆಂದರೆ ಜೀವವಂತೆ. ಒದ್ದೆ ಕೈಗೆ ಶಾಯಿ ನಿಲ್ಲುವುದಿಲ್ಲ, ಪೆನ್ಸಿಲ್ ನಿಲ್ಲುತ್ತದೆ. ಕೆಲವು ಹಿಂದಿನ ಬಾಲ ತಿರುಗಿಸಿದರೆ ಕಡ್ಡಿ ಬರುವಂಥವು, ಕೆಲವು ಒತ್ತುವಂಥವು. ಅಜ್ಜ ಅವನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಮಲಗಿಸುತ್ತಿದ್ದ. ಕೊಳವೆಯಲ್ಲಿ ಮುರಿದು ಕೂತ ಕಡ್ಡಿಯನ್ನು ಸೈಕಲ್ ಬ್ರೇಕಿನ ತಂತಿಯ ಒಂದೇ ಎಳೆಯಿಂದ ನೂಕಿ ಹೊರತರುತ್ತಿದ್ದ. ಹಳೆಯ ಅಳತೆಯ ಕಡ್ಡಿ ಎಲ್ಲೂ ಸಿಗದ್ದರಿಂದ ದಪ್ಪ ಕಡ್ಡಿ ತಂದು ಸ್ಯಾಂಡ್‌ಪೇಪರಿನ ಮೇಲೆ ಉರುಳಿಸಿ ಉರುಳಿಸಿ ಸಣ್ಣ ಮಾಡುತ್ತಿದ್ದ. ತುದಿಯ ರಬ್ಬರು ಕಲ್ಲಾಗಿದ್ದರೆ ಹವಾಯಿ ಚಪ್ಪಲಿಯಿಂದ ತುಂಡು ಕೊರೆದು ಕೂರಿಸುತ್ತಿದ್ದ. ಅದರಿಂದ ಅಳಿಸಿದರೆ ಹಾಳೆ ನೀಲಿಯಾಗುತ್ತಿತ್ತು. ನಾನು ಎದುರು ಕೂತು, ಅಜ್ಜ ಬಾಯಲ್ಲಿ ಹಿಡಿದ ಸ್ಪ್ರಿಂಗ್ ನುಂಗಿಬಿಟ್ಟರೆ ಆಸ್ಪತ್ರೆಗೆ ಯಾವ ಬಸ್ಸಿಗೆ ಹೋಗಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಎಲ್ಲ ಮುಗಿದ ಮೇಲೆ ಅಡುಗೆಮನೆಯಿಂದ ಒಂದು ಹನಿ ಕೊಬ್ಬರಿ ಎಣ್ಣೆ. ನಮ್ಮ ಮನೆಯಲ್ಲಿ ಬಾಗಿಲ ತಿರುಗಣೆಗೆ, ಬೀಗಕ್ಕೆ, ಮಂಡಿನೋವಿಗೆ, ನನ್ನ ತಲೆಗೆ, ಎಲ್ಲಕ್ಕೂ ಅದೇ ಮದ್ದು. ಪೆನ್ಸಿಲ್ಲಿಗೆ ಬೇರೆ ಎಣ್ಣೆ ಬೇಕೆಂದು ಯಾರಿಗೂ ತೋಚಿರಲಿಲ್ಲ.

ಆ ವರ್ಷದ ಮಳೆಗಾಲದಿಂದ ಅಜ್ಜನ ಕೈ ನಡುಗಲು ಶುರುವಾಗಿತ್ತು. ಚಹಾದ ಲೋಟ ತಟ್ಟೆಯ ಮೇಲೆ ಕಟಕಟ ಎನ್ನುತ್ತಿತ್ತು. ಆದರೆ ತಂತಿಯ ತುದಿ ಕೊಳವೆಯ ಬಾಯಿಗೆ ಮುಟ್ಟಿತೆಂದರೆ ನಡುಕ ನಿಂತುಬಿಡುತ್ತಿತ್ತು, ಯಾರೋ ಗದರಿಸಿದ ಹಾಗೆ. ಕೆಲಸಕ್ಕೆ ಕೂತರೆ ಕೈ ನಡುಗುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಅಜ್ಜ ಬದುಕಿದ್ದ. ದಸರೆಯ ಹೊತ್ತಿಗೆ ಗೋವಾ ಗಡಿಯ ಮಾಜಾಳಿಯ ದತ್ತಾ ಬಂದ. ದಿನಾ ಗೋವಾದ ಕಂಪನಿಗೆ ಹೋಗಿಬರುವ ಹುಡುಗ. ಮೀನಿನ ಹರಾಜಿನಲ್ಲಿ ಬರೆಯುತ್ತಿದ್ದ ಅವನ ಅಪ್ಪ ತೀರಿಕೊಂಡು ಕೆಲವು ತಿಂಗಳಾಗಿತ್ತು. ಅಪ್ಪನ ಹಿತ್ತಾಳೆ ಪೆನ್ಸಿಲ್ಲನ್ನು ಅಜ್ಜನ ಕೈಗಿಟ್ಟು, "ಮಾಮಾ, ಅವ್ರದ್ದು ಅಂತ ಇರೂದು ಇದೊಂದೇ" ಎಂದ. ಅಜ್ಜ ಅದನ್ನು ಹೂವಿನಷ್ಟು ಹಗುರವಾಗಿ ತಿರುಗುವ ಹಾಗೆ ಮಾಡಿ ಕೊಟ್ಟ. ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ದತ್ತಾ ಮತ್ತೆ ಬಂದು ನಿಂತ.

"ಮಾಮಾ, ಇದು ಹಟ ಹಿಡ್ದದೆ. ಒಮ್ಮೊಮ್ಮೆ ಬತ್ತದೆ, ಒಮ್ಮೊಮ್ಮೆ ಇಲ್ಲ. ಬೆಳಿಗ್ಗೆ ಕಂಪನಿಗೆ ಹೋಗೂವಾಗ ಅಂತೂ ಇಲ್ವೇ ಇಲ್ಲ. ನಮ್ಮ ಅಪ್ಪನ ಹಂಗೇ, ಮನಸ್ಸಿದ್ರೆ ಮಾತು."

ಅಜ್ಜ ತಿರುಗಿಸಿದ. ಬಾಲ ಅಲ್ಲಾಡಲಿಲ್ಲ. ಮತ್ತೆ ತಿರುಗಿಸಿದ, ಪೆನ್ಸಿಲ್ಲು ಕೈಯಿಂದ ಜಾರಿ ಮೆಟ್ಟಿಲ ಮೇಲೆ ಟಣ್ಣೆಂದಿತು. ಪೇಪರ್ ಓದುತ್ತಿದ್ದ ನನ್ನ ಅಪ್ಪ ತಲೆಯೆತ್ತಿ, "ಸಾಕು ಮಾಡಿ. ಕೈ ನಡಗ್ತದೆ, ಕಂಡವರ ಸಾಮಾನು ಹಾಳಾಗ್ತದೆ" ಎಂದರು. ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಅಜ್ಜಿ ಅಂಕೋಲೆಯವಳಾದ್ದರಿಂದ ಮಾತುಕತೆಯೆಲ್ಲ ಕನ್ನಡದಲ್ಲಿ, ಅಜ್ಜನಿಗೆ ಸಿಟ್ಟು ಬಂದರೆ ಮಾತ್ರ ಕೊಂಕಣಿ. "ಗಪ್ ರಾವ್!" ಎಂದು ಅವನು ಒಮ್ಮೆ ಹೇಳಿದನೆಂದರೆ ನಾಯಿಯೂ ಸುಮ್ಮನಾಗಬೇಕು. ಆ ದಿನ ಅಜ್ಜ ಹಾಗೆ ಹೇಳಲಿಲ್ಲ. "ಹೌದು, ಇದು ನನ್ನ ಕೈಯಿಂದಾನೇ ಆದದ್ದು" ಎಂದ, ಕನ್ನಡದಲ್ಲಿ. ಅದಕ್ಕಿಂತ ಅವನು ಬೈದಿದ್ದರೇ ಚೆನ್ನಾಗಿತ್ತು. ದತ್ತಾ ಗಾಬರಿಯಾಗಿ, "ಇರ್ಲಿ ಮಾಮಾ, ನಿಮ್ಮ ಹತ್ರನೇ ಇರ್ಲಿ, ಅವಸರ ಇಲ್ಲ" ಎನ್ನುತ್ತ ಬೈಕು ಹತ್ತಿ ಹೋದ. ಅಜ್ಜ ತಂತಿ, ಸ್ಯಾಂಡ್‌ಪೇಪರು, ಬಿಳಿ ಬಟ್ಟೆ ಎಲ್ಲವನ್ನೂ ಬಿಸ್ಕೀಟಿನ ಡಬ್ಬಿಗೆ ತುಂಬಿ, "ತಂಗೀ, ಯಾರಾದ್ರೂ ಬಂದ್ರೆ ಅವ್ರವ್ರದ್ದು ಅವ್ರಿಗೆ ಕೊಟ್ಟುಬಿಡು" ಎಂದು ನನಗೆ ಹೇಳಿ ಗೋಡೆಗೆ ಮುಖ ಮಾಡಿ ಮಲಗಿದ. ಕೈಕೆಲಸ ಬಿಟ್ಟ ಮುದುಕರು ಹೆಚ್ಚು ದಿನ ಉಳಿಯುವುದಿಲ್ಲ ಎಂದು ನಾನು ಎಲ್ಲೋ ಕೇಳಿದ್ದೆ. ಶಾಲೆಯಲ್ಲಿ ಗಂಟೆ ಹೊಡೆದರೆ ಸಾಕು, ಮನೆಯಿಂದ ಯಾರೋ ಕರೆಯಲು ಬಂದರೆಂದು ಎದ್ದು ನಿಲ್ಲುತ್ತಿದ್ದೆ.

ಆಗ ಒಳ್ಳೆಯ ಚಳಿ. ನಮ್ಮ ಕರಾವಳಿಯ ಚಳಿ ನೋಡಿ ಘಟ್ಟದ ಮೇಲಿನವರು ನಗುತ್ತಾರೆ, ನಗಲಿ; ನಮಗೆ ಅದೇ ಹೆಚ್ಚು. ಒಂದು ಬೆಳಿಗ್ಗೆ ಅಜ್ಜಿ ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡು ಜಡೆ ಹಾಕುತ್ತಿದ್ದಳು. ಚಳಿಗಾಲದಲ್ಲಿ ಎಣ್ಣೆ ಬಾಟ್ಲಿಯನ್ನು ಬಚ್ಚಲ ಒಲೆಯ ಪಕ್ಕ ಇಟ್ಟಿರುತ್ತಿದ್ದಳು, ಅಂದು ಮರೆತಿದ್ದಳು. ಬಾಟ್ಲಿ ಬೋರಲು ಹಾಕಿದರೂ ಹನಿ ಇಲ್ಲ. ಒಳಗೆ ಎಣ್ಣೆ ಮೇಣದಂತೆ ಬೆಳ್ಳಗೆ ಕಟ್ಟಿತ್ತು. ಅವಳು ನನ್ನ ತಲೆಯಿಂದಲೇ ಹೇರ್‌ಪಿನ್ ಕಿತ್ತು ಅದರಿಂದ ಎಣ್ಣೆ ಕೆರೆಯತೊಡಗಿದಳು. ಕೆರೆಯುತ್ತ ಕೆರೆಯುತ್ತ ಕೈ ನಿಂತಿತು.

"ಹೋಯ್, ನೀವು ಪೆನ್ಸಿಲಿಗೆ ಬಿಡೂದು ಇದೇ ಎಣ್ಣೆ ಅಲ್ವಾ?"

ಮೂಲೆಯಲ್ಲಿ ಮಲಗಿದ್ದ ಅಜ್ಜ ಗೋಡೆಯತ್ತ ನೋಡುತ್ತಲೇ ಹ್ಞೂಂ ಎಂದ.

"ಬಾಟ್ಲಿಲಿ ಇದ್ದದ್ದೇ ಹಿಂಗಾದ್ರೆ, ಅದರ ಹೊಟ್ಟೆಲಿ ಇದ್ದದ್ದು ಎಂತಾ ಆಗಿರ್ತದೆ?"

ಅಜ್ಜ ಎದ್ದು ಕೂತ. ನನ್ನ ಅರ್ಧ ಜಡೆಯನ್ನು ಅಲ್ಲಿಗೇ ಬಿಟ್ಟು ಅಜ್ಜಿ ಬಾಟ್ಲಿಯನ್ನು ಅಂಗಳದ ಚಿರೆಕಲ್ಲಿನ ಮೆಟ್ಟಿಲ ಮೇಲೆ ಬಿಸಿಲಿಗಿಟ್ಟಳು. ಅಜ್ಜ ಪಕ್ಕದಲ್ಲಿ ದತ್ತಾನ ಪೆನ್ಸಿಲ್ಲಿಟ್ಟ. ಮೂವರೂ ಹಾಲು ಉಕ್ಕುವುದನ್ನು ಕಾಯುವವರಂತೆ ನಿಂತೆವು. ಬಾಟ್ಲಿಯ ಅಂಚಿನಲ್ಲಿ ಎಣ್ಣೆ ಸಡಿಲಾಗಿ ಬಿಳಿ ಮುದ್ದೆ ಮೆಲ್ಲಗೆ ತೇಲತೊಡಗಿದಾಗ ಅಜ್ಜ ಪೆನ್ಸಿಲ್ ಎತ್ತಿ ಬಾಲ ತಿರುಗಿಸಿದ. ಬಸವನಹುಳು ಕೊಂಬು ಚಾಚಿದ ಹಾಗೆ ಕಡ್ಡಿ ಹೊರಬಂತು.

"ಕಂಡ್ರಾ? ನಾ ಹೇಳೂದು ಯಾರು ಕೇಳ್ತ್ರು ಈ ಮನೇಲಿ" ಎಂದಳು ಅಜ್ಜಿ.

"ಎಣ್ಣೆ ಬಿಡಿ ಅಂತ ಮೊದ್ಲು ಹೇಳ್ದವ್ಳು ಯಾರು?"

"ನಾ ಬಾಗ್ಲಿಗೆ ಬಿಡಿ ಅಂದದ್ದು. ನೀವು ಊರೆಲ್ಲದ್ದಕ್ಕೂ ಬಿಟ್ಕಂಡು ಬಂದ್ರೆ ನಾ ಎಂತಾ ಮಾಡೂದು?"

"ಗಪ್ ರಾವ್ ಗೋ!" ಎಂದ ಅಜ್ಜ. ಆ ಕೊಂಕಣಿ ಮಾತು ಕೇಳಿ ನನಗಾದ ಸಮಾಧಾನವನ್ನು ಹೇಗೆ ಹೇಳಲಿ. ಅರ್ಧ ಜಡೆಯಲ್ಲೇ ಶಾಲೆಗೆ ಓಡಿದೆ.

ತಪ್ಪು ಮಾಡಿದ್ದು ಗೊತ್ತಾಗಿ ಅಷ್ಟು ಖುಷಿಪಟ್ಟ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ. ಸದಾಶಿವಗಡದ ಅಂಗಡಿಗಳಲ್ಲಿ, ಮಾಜಾಳಿ ಬಸ್ಸಿನ ಕಂಡಕ್ಟರನ ಬಳಿ, ಅಂಕೋಲೆಗೆ ಅಜ್ಜಿಯ ತಮ್ಮನ ಮೂಲಕ, ಎಲ್ಲ ಕಡೆ ಹೇಳಿಕಳಿಸಿದ: ನಾನು ಮಾಡಿಕೊಟ್ಟ ಪೆನ್ಸಿಲ್ಲುಗಳನ್ನೆಲ್ಲ ವಾಪಸ್ ತನ್ನಿ. ಜನ ತಂದರು. ಕೆಲವರು ತಮ್ಮದು ಸರಿಯಾಗೇ ಇದ್ದರೂ ನೋಡೋಣವೆಂದು ತಂದರು. ಬಂದವರಿಗೆಲ್ಲ ಅಜ್ಜ ಎದೆಯುಬ್ಬಿಸಿ, "ತಪ್ಪು ಎಣ್ಣೆದು ಮಾರಾಯಾ, ಕೈದಲ್ಲ" ಎನ್ನುತ್ತಿದ್ದ. ಅಪ್ಪನಿಗೆ ಕೇಳಿಸುವಷ್ಟು ಜೋರಾಗಿ. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಲಿಗೆ ಮಿಶನ್ನಿನ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಮುಟ್ಟಿಸಿ ಕೊಟ್ಟ. ದತ್ತಾನದು ಎಲ್ಲಕ್ಕಿಂತ ಮೊದಲು. ಜಗಲಿ ತುಂಬ ಜನ, ಅವರಿಗೆಲ್ಲ ಚಹಾ, ಅಜ್ಜಿಯ ಗೊಣಗಾಟ. ಆ ಜನವರಿಯಂಥ ಜನವರಿ ಮತ್ತೆ ಬರಲಿಲ್ಲ.

ನಡುಕ ಅಲ್ಲಿಗೆ ಹೋಯಿತು ಎಂದು ಬರೆಯಲು ಆಸೆಯೇನೋ ಇದೆ. ಹೋಗಲಿಲ್ಲ. ಕೆಲವು ವರ್ಷಗಳ ನಂತರ ತಂತಿ ಕೊಳವೆಗೆ ಮುಟ್ಟಿದರೂ ಅದು ನಿಲ್ಲದಾಯಿತು. ಅಜ್ಜ ಈ ಸಲ ಗೋಡೆಗೆ ಮುಖ ಮಾಡಲಿಲ್ಲ. ಅಜ್ಜಿಯನ್ನು ತನ್ನ ಎಡಪಕ್ಕದಲ್ಲಿ ಕೂರಿಸಿಕೊಂಡು ತಂತಿಯನ್ನು ಅವಳ ಕೈಗೆ ಕೊಟ್ಟ. ಒಬ್ಬರ ಬಾಯಿ, ಇನ್ನೊಬ್ಬರ ಕೈ. "ಎಡಕ್ಕೆ. ತಡಿ. ನೂಕ್ಬೇಡ." "ಗೊತ್ತದೆ." "ಗೊತ್ತಿದ್ರೆ ನೂಕ್ತೀ ಯಾಕೆ?" ಜೀವನವಿಡೀ ಆಡಿದ ಜಗಳವೆಲ್ಲ ಅಲ್ಲಿ ಉಪಯೋಗಕ್ಕೆ ಬಂತು. ಕೆಲಸ ಮುಗಿದ ಮೇಲೆ ಅಜ್ಜಿ ಕಡ್ಡಿಯನ್ನು ಸ್ವಲ್ಪ ಹೊರಬಿಟ್ಟು ಪೆನ್ಸಿಲ್ಲನ್ನು ಬಲಕ್ಕೆ ಚಾಚುತ್ತಿದ್ದಳು. ಅಜ್ಜ ಕಣ್ಣು ಮುಚ್ಚಿ ಅದರ ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿ "ಸಾಕು" ಎನ್ನುತ್ತಿದ್ದ. ಅದು ಆದಮೇಲೆಯೇ ಪೆನ್ಸಿಲ್ಲು ಮಾಲೀಕನ ಕೈಗೆ.

ಆ ಮನೆ ಈಗಿಲ್ಲ. ಜಾಗ ಪಾಲಾಗಿ, ಮಾರಿ, ಅಲ್ಲಿ ಟೈಲ್ಸ್ ಅಂಗಡಿ ಬಂದಿದೆ. ಗೋವಾಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದರೆ ಜಗಲಿ ಎಲ್ಲಿತ್ತೆಂದು ನನಗೇ ಸರಿಯಾಗಿ ತಿಳಿಯುವುದಿಲ್ಲ. ಅಜ್ಜ ಹೋದದ್ದು ಒಂದು ಮಳೆಗಾಲದ ಕೊನೆಗೆ. ಕ್ರಿಯೆಗಳೆಲ್ಲ ಮುಗಿದು ನೆಂಟರು ಹೋಗಿ ಮನೆ ಬರಿದಾದ ಮೇಲೆ ದತ್ತಾ ಬಂದ. ಮಾತಾಡಿಸಲೆಂದೇ ಬಂದವನು, ಕಿಸೆಯಲ್ಲಿ ಪೆನ್ಸಿಲ್ಲು ಇತ್ತು, ತೆಗೆಯಲೋ ಬೇಡವೋ ಎಂದು ಕೈಯಾಡಿಸುತ್ತಿದ್ದ. ಅಜ್ಜಿಯೇ ಕೇಳಿ ಇಸಿದುಕೊಂಡಳು. ಬಿಳಿ ಬಟ್ಟೆ ಹಾಸಿದಳು, ಬಿಚ್ಚಿದಳು, ಮುರಿದ ಕಡ್ಡಿ ತೆಗೆದಳು. ಕಡ್ಡಿಯನ್ನು ಸ್ವಲ್ಪ ಹೊರಬಿಟ್ಟು, ಪೆನ್ಸಿಲ್ಲನ್ನು ಬಲಕ್ಕೆ ಚಾಚಿ, ಹಾಗೇ ಹಿಡಿದುಕೊಂಡು ಕೂತಳು. ನಾನು ಕಂಬದ ಬಳಿ ನಿಂತಿದ್ದೆ. ದತ್ತಾ ಎದ್ದು ಹೋಗಿ, ಅಜ್ಜ ಕೂರುತ್ತಿದ್ದ ಬದಿಯಲ್ಲಿ ಮಂಡಿಯೂರಿ, ಕಡ್ಡಿಯ ತುದಿಗೆ ಮೆಲ್ಲಗೆ ಹೆಬ್ಬೆರಳು ಮುಟ್ಟಿಸಿದ.

"ಸಾಕು ಮಾಮೀ" ಎಂದ.