ಭಾನುವಾರದ ತರಬೇತಿ

ನಮ್ಮ ಮನೆಯಲ್ಲಿ ಒಬ್ಬರು ಡಿಗ್ರಿ ಮುಗಿಸುವುದು ಆಗದ ಮಾತು ಎಂದವಳು ನನ್ನ ಸೋದರತ್ತೆ. ಅಪ್ಪ, ಅವ್ವ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಾಗ ಊರಲ್ಲಿ ನನ್ನನ್ನು ಸಾಕಿದವಳೂ ಅವಳೇ. ಡಿಗ್ರಿ ಆಯಿತು. ಅದೇ ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಫ್ಯಾನಿನ ಕೆಳಗೆ ಕೂತು ಮಾಡುವ ನೌಕರಿಯೂ ಆಯಿತು. ಆಮೇಲೆ ಅವಳು ಫೋನಿನಲ್ಲಿ ಇನ್ನೊಂದು ಶುರುಮಾಡಿದಳು: "ನೀ ನನ್ನ ಜೋಡಿ ಒಂದು ದಿನ ಪೂರಾ ಕುಂದ್ರೂದು ಆಗಂಗಿಲ್ಲ ಬಿಡವ್ವಾ."

ಇದು ಮಾತ್ರ ನಿಜವಾಗುತ್ತಿತ್ತು. ರಜೆ ಕೇಳಲು ನನಗೆ ಬಾಯಿ ಬರುವುದಿಲ್ಲ. ಮನೆಯಲ್ಲಿ ಮೊದಲು ಓದಿದವರ ಪಾಡೇ ಹೀಗೆ. ಕಷ್ಟಪಟ್ಟು ಗಳಿಸಿದ ನೌಕರಿಯನ್ನು ಯಾರೋ ದಾನ ಕೊಟ್ಟಂತೆ ಹಿಡಿದುಕೊಂಡಿರುತ್ತೇವೆ. ಉಣ್ಣುವಾಗ ಆಫೀಸಿನ ಫೋನ್ ಬಂದರೂ ಎಡಗೈಯಲ್ಲಿ ಎತ್ತುತ್ತೇನೆ.

ಕೊನೆಗೆ ಅತ್ತೆಯೇ ಹೊರಟಳು. ಸನತ್‌ನಗರದಲ್ಲಿ ನಾನು ಹಿಡಿದ ಬಾಡಿಗೆ ಮನೆ ನೋಡಬೇಕು, ನನ್ನ ಕೈಯಡುಗೆ ಉಣ್ಣಬೇಕು, ಸಂಜೆಯ ರೈಲಿಗೆ ವಾಪಸು ಹೋಗಬೇಕು. ಅದಕ್ಕೆಂದೇ ಭಾನುವಾರ ಆರಿಸಿದ್ದೆವು. ಶನಿವಾರ ಆಫೀಸಿನಿಂದ ಸಂದೇಶ ಬಂತು: ನಾಳೆ ಎಲ್ಲರಿಗೂ ಕಡ್ಡಾಯ ತರಬೇತಿ, ಸಂಜೆಯವರೆಗೆ. ವಿಷಯ, ಕೆಲಸ ಮತ್ತು ಮನೆಯ ನಡುವೆ ಸಮತೋಲನ.

ತಲೆ ಚಚ್ಚಿಕೊಳ್ಳಬೇಕೆನಿಸಿತು. ಆದರೂ ಬರುವುದಿಲ್ಲ ಎನ್ನಲಿಲ್ಲ.

ಬೆಳಿಗ್ಗೆ ಕಾಚಿಗೂಡ ಸ್ಟೇಷನ್ನಿನಲ್ಲಿ ಅತ್ತೆಯನ್ನು ಇಳಿಸಿಕೊಂಡು, ರೊಟ್ಟಿ ಗಂಟಿನ ಸಮೇತ ನೇರ ಆಫೀಸಿಗೆ ಕರೆದೊಯ್ದು ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂರಿಸಿದೆ. ಪಾಠ ಹೇಳಲು ಬಂದವಳು ನನ್ನ ವಯಸ್ಸಿನ ಹುಡುಗಿ. ಒಂದು ವೃತ್ತ ಬರೆದು, ದಿನದಲ್ಲಿ ಮನೆಯವರ ಪಾಲೆಷ್ಟೋ ಅಷ್ಟಕ್ಕೆ ಬಣ್ಣ ತುಂಬಿ ಎಂದಳು. ಇಷ್ಟು ದೊಡ್ಡವರೆಲ್ಲ ತಲೆ ತಗ್ಗಿಸಿ ಬಣ್ಣ ತುಂಬಿದೆವು.

"ಏನ್ ಮಾಡಾಕತ್ತೀರಿ?" ಅತ್ತೆ ಪಿಸುಗುಟ್ಟಿದಳು.

"ಮನ್ಯಾಗಿನವ್ರಿಗೆ ಟೈಮ್ ಹೆಂಗ ಕೊಡಬೇಕಂತ ಕಲಿಸಾಕತ್ತಾರ, ಅತ್ತಿ."

"ಇಲ್ಲಿ ಕುಂತೇನು?"

ಮುಂದಿನ ಸಾಲಿನವರು ತಿರುಗಿ ನೋಡಿದರು. ಅತ್ತೆ ಅವರಿಗೂ ಒಂದು ರೊಟ್ಟಿ ಚಾಚಿದಳು.

ಊಟದ ಬಿಡುವಿನಲ್ಲಿ ಅವಳು ಕಿಟಕಿಯ ಹತ್ತಿರ ನಿಂತು ಕೇಳಿದಳು: "ಯವ್ವಾ, ನಿನ್ನ ಮನಿ ಇಲ್ಲಿಂದ ಯಾ ದಿಕ್ಕಿಗೈತಿ? ಅದನ್ನರ ತೋರಿಸು. ಇಲ್ಲಿಂದನ ಕೈ ಮುಗದು ಹೊಂಟಬಿಡ್ತೀನಿ."

ಸಾಕಾಯಿತು. ಸೀದಾ ಮ್ಯಾನೇಜರ್ ಹತ್ತಿರ ಹೋಗಿ ತರಬೇತಿಯ ಸರ್ಟಿಫಿಕೇಟ್ ಕೇಳಿದೆ. ಅದಿಲ್ಲದಿದ್ದರೆ ಹಾಜರಿ ಹಾಕುವುದಿಲ್ಲ ಎಂದು ಮೊದಲೇ ಹೇಳಿದ್ದರು.

"ಇಂಕಾ ಅವ್ವಲೇದು ಮೇಡಂ," ಇನ್ನೂ ಮುಗಿದಿಲ್ಲ ಎಂದರು ಅವರು ತೆಲುಗಿನಲ್ಲಿ.

ನಾನೂ ತೆಲುಗಿನಲ್ಲೇ ಹೇಳಿದೆ: "ನಾನು ಕಲಿತಾಯಿತು ಸಾರ್. ಅತ್ತೆ ಬಂದಿದ್ದಾಳೆ, ಮನೆಗೆ ಹೋಗುತ್ತಿದ್ದೇನೆ." ಈ ಆಫೀಸಿಗೆ ಸೇರಿದ ಮೇಲೆ ಇಂಥ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಮ್ಯಾನೇಜರ್ ಪಾಠದ ಹುಡುಗಿಯ ಮುಖ ನೋಡಿದರು. ಅವಳು ತುಟಿ ಬಿಗಿಹಿಡಿದು ನಗು ತಡೆಯುತ್ತಾ ಕಟ್ಟಿನಿಂದ ಒಂದು ಸರ್ಟಿಫಿಕೇಟ್ ಎಳೆದು, ಸಹಿ ಹಾಕಿ ನನ್ನ ಕೈಗಿಟ್ಟಳು. ಮ್ಯಾನೇಜರ್ ಹೋಗಿ ಎಂದು ಕೈ ಬೀಸಿದರು.

ಮೆಟ್ಟಿಲಿಳಿದು ಅದನ್ನು ಅತ್ತೆಗೆ ಕೊಟ್ಟೆ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿ, ಮತ್ತೆ ಮೇಲಿನ ಕಿಟಕಿಯತ್ತ ತಲೆಯೆತ್ತಿದಳು.

"ಪಾಪ, ಆ ಪಾಠ ಹೇಳೂ ಹುಡುಗಿದೂ ಐತವಾರ ಹೋತಲ್ಲವ್ವಾ. ಹೊಳ್ಳಿ ಹೋಗು, ಅಕಿನ್ನೂ ಊಟಕ್ಕ ಕರಕೊಂಡು ಬಾ."