ಬೆಟ್ಟಕ್ಕೆ ಹೇಳಬೇಕಾದ ಮಾತು

ಚಳಿಗಾಲದ ಎರಡು ತಿಂಗಳು ಅವರ ಬಲಗೈ ಹೆಬ್ಬೆರಳಿನ ಉಗುರು ಹಳದಿಯಾಗಿರುತ್ತಿತ್ತು. ಕಿತ್ತಳೆ ಸುಲಿದು ಸುಲಿದು ಆದ ಬಣ್ಣ ಅದು. ಸೋಪಿಗೂ ಹೋಗುತ್ತಿರಲಿಲ್ಲ, ಮಾಮಿಯ ಬೈಗುಳಕ್ಕೂ ಹೋಗುತ್ತಿರಲಿಲ್ಲ. ತೊಟ್ಟಿನ ಹತ್ತಿರ ಉಗುರು ಚುಚ್ಚಿ, ಸಿಪ್ಪೆ ಒಂದೇ ತುಂಡಾಗಿ ಬರುವಂತೆ ಸುತ್ತಿ ಸುತ್ತಿ ಬಿಡಿಸಿ, ಅದನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮೆಟ್ಟಿಲಲ್ಲಿ ಕಿತ್ತಳೆಯ ವಾಸನೆ ಬಂತೆಂದರೆ ಮೇಲಿನ ಮನೆ ಮಾಮ ಬ್ಯಾಂಕಿನಿಂದ ಬಂದರು ಎಂದು ಕರೆಂಟು ಹೋದ ಸಂಜೆಗಳಲ್ಲೂ ನಮಗೆ ತಿಳಿಯುತ್ತಿತ್ತು.

ಕಲ್ಕತ್ತದ ಗರಿಯಾಹಾಟಿನ ಹಿಂದಿನ ಗಲ್ಲಿಯ ಆ ಹಳೇ ಮನೆಯಲ್ಲಿ ಕೆಳಗೆ ಬಂಗಾಳಿ ಮಾಲೀಕರು, ನಡುವೆ ನಾವು, ಮೇಲೆ ಅವರು. ನಾವು ಮೈಸೂರಿನ ಕಡೆಯವರು, ಅಪ್ಪನಿಗೆ ಕೇಂದ್ರ ಸರ್ಕಾರದ ಕೆಲಸ. ಅವರು ಮಂಗಳೂರಿನ ಕಡೆಯವರು, ಬ್ಯಾಂಕ್ ಮ್ಯಾನೇಜರು, ಮಕ್ಕಳಿರಲಿಲ್ಲ. ಮೇಲಿಂದ ಬರುವ ಮೀನಿನ ವಾಸನೆ ಅಮ್ಮನಿಗೆ ಆಗುತ್ತಿರಲಿಲ್ಲ. ಆದರೆ ಮಾಮಿಯ ಜೊತೆ ಒಂದು ಗಳಿಗೆ ಕನ್ನಡ ಮಾತಾಡದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಮೂಗು ಮುಚ್ಚಿಕೊಂಡಾದರೂ ದಿನಕ್ಕೆರಡು ಸಲ ಮೆಟ್ಟಿಲು ಹತ್ತುತ್ತಿದ್ದಳು.

ಮಾಮನ ಬಾಯಿ ನಿಂತದ್ದನ್ನು ನಾನು ಕಂಡಿರಲಿಲ್ಲ. ಕೆಂಪು ಬಾವುಟದ ಮೆರವಣಿಗೆಗೆ ಟ್ರಾಮ್ ನಿಂತರೆ ಉಳಿದವರು ಗೊಣಗುತ್ತಾ ಕೂತಿರುತ್ತಿದ್ದರು. ಇವರು ಇಳಿದು ಹೋಗಿ ಬಾವುಟ ಹಿಡಿದವನ ಜೊತೆಗೇ ಹರಟೆ ಹೊಡೆದು ಬರುತ್ತಿದ್ದರು. ಮೀನಿನ ಅಂಗಡಿಯವನಿಗೆ ಮಂಗಳೂರಿನ ಬಂಗುಡೆಯ ಗುಣಗಾನ ಮಾಡಿ, ಅವನು ಜಗಳಕ್ಕೆ ಬಂದ ಮೇಲೆ ಅವನ ಇಲಿಶ್ ಮೀನನ್ನೂ ಹೊಗಳಿ, ಅರ್ಧ ಗಂಟೆ ತಡವಾಗಿ ಮನೆ ಸೇರುತ್ತಿದ್ದರು. ಯಾರು ಏನು ಸಂಕಟ ಹೇಳಿಕೊಂಡರೂ ಅವರ ಹತ್ತಿರ ಮದ್ದು ಒಂದೇ. ನಾನು ಗಣಿತದಲ್ಲಿ ಢಮಾರ್ ಎಂದ ವರ್ಷವೂ ಅದನ್ನೇ ಕೊಟ್ಟರು: "ಇರ್ಲಿ ಮಾರಾಯ್ತಿ, ಎಂತ ಆಗುದುಂಟು? ಸಂಕ್ರಾಂತಿಗೆ ಬೆಟ್ಟಕ್ಕೆ ಹೋಗುವ."

ಬೆಟ್ಟವೆಂದರೆ ಡಾರ್ಜಿಲಿಂಗ್ ಸೀಮೆಯ ಬೆಟ್ಟ. ಕಲ್ಕತ್ತಕ್ಕೆ ವರ್ಗವಾಗುವ ಮೊದಲು ಐದು ವರ್ಷ ಅವರು ಅಲ್ಲಿನ ಒಂದು ಊರಿನ ಶಾಖೆಯಲ್ಲಿದ್ದರು. ಒಂದು ಮಳೆಗಾಲ ರಸ್ತೆ ಕುಸಿದು, ಮೂರು ದಿನ ದಾರಿಯ ಪಕ್ಕದ ಕಿತ್ತಳೆ ತೋಟದ ರೈತನೊಬ್ಬನ ಮನೆಯಲ್ಲಿ ಉಳಿಯಬೇಕಾಯಿತು. ಮಾತಿಗೆ ಮಾತು ಬೆಳೆದಾಗ ಇಬ್ಬರ ಹೆಸರೂ ಒಂದೇ ಎಂದು ತಿಳಿಯಿತು. ಅಲ್ಲಿನ ನೇಪಾಳಿ ಜನರಲ್ಲಿ ಒಂದು ಪದ್ಧತಿ ಇದೆ. ಒಂದೇ ಹೆಸರಿನವರು, ಒಂದೇ ಮುಖದವರು ಸಿಕ್ಕಿದರೆ ದೇವರ ಮುಂದೆ ಹಣೆಗೆ ಅಕ್ಕಿ ಹಚ್ಚಿಕೊಂಡು 'ಮಿತ್' ಆಗುತ್ತಾರೆ. ಅಲ್ಲಿಂದ ಮುಂದೆ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವಂತಿಲ್ಲ, 'ಮಿತ್' ಎಂದೇ ಕರೆಯಬೇಕು. ಒಬ್ಬನ ಮನೆಯ ಮದುವೆ ಇನ್ನೊಬ್ಬನ ಮನೆಯ ಮದುವೆ. ಒಬ್ಬ ಸತ್ತರೆ ಇನ್ನೊಬ್ಬ ಉಪ್ಪು ಬಿಟ್ಟು ಸೂತಕ ಹಿಡಿಯಬೇಕು. ಮಾಮ ಮಿತ್ ಆದ ದಿನ ಆ ರೈತ ತೋಟದ ಒಂದು ಗಿಡ ತೋರಿಸಿ, ಇದರ ಹಣ್ಣು ಇನ್ನು ನಿನ್ನದು ಎಂದನಂತೆ. ಕಲ್ಕತ್ತಕ್ಕೆ ಬಂದ ಮೇಲೂ ಪ್ರತಿ ಚಳಿಗಾಲ ಆ ಗಿಡದ ಹಣ್ಣು ಬಿದಿರಿನ ಬುಟ್ಟಿಯಲ್ಲಿ, ಸಗಟು ಮಾರುಕಟ್ಟೆಗೆ ಹಣ್ಣು ತರುವ ಲಾರಿಯಲ್ಲಿ ಬರುತ್ತಿತ್ತು. ಗಲ್ಲಿಯ ಹತ್ತಾರು ಮನೆಗಳಿಗೆ ಮಾಮ ತಾವೇ ಹೋಗಿ ಹಂಚುತ್ತಿದ್ದರು.

ನನಗೆ ಹನ್ನೊಂದು ವರ್ಷವಾದಾಗ ಒಂದು ಸಂಕ್ರಾಂತಿಗೆ ನಮ್ಮನ್ನೂ ಕರೆದುಕೊಂಡು ಹೋದರು. ಅಮ್ಮ ಎಳ್ಳುಬೆಲ್ಲದ ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ರೈಲು ಹತ್ತಿದ್ದಳು. ಅಲ್ಲಿ ಹಬ್ಬವೇ ಬೇರೆ. ಹಿಂದಿನ ಸಂಜೆ ಗೆಡ್ಡೆ ಗೆಣಸು ರಾಶಿ ಬೇಯಿಸಿಟ್ಟು, ಬೆಳಿಗ್ಗೆ ತೀಸ್ತಾ, ರಂಗೀತ್ ನದಿಗಳು ಸೇರುವಲ್ಲಿಗೆ ಎಲ್ಲರೂ ಇಳಿದು ಹೋಗಿ ಮುಳುಗು ಹಾಕಬೇಕು. ಆಮೇಲೆ ಮರಳಿನ ಮೇಲೆ ಕೂತು ಗೆಣಸು, ತುಪ್ಪ, ಗಟ್ಟಿ ಬೆಲ್ಲದ ಪಾಕ, ಎಳ್ಳಿನ ಉಂಡೆ. ನೀರು ಹೇಗಿತ್ತೆಂದರೆ ಅಪ್ಪ ಮುಳುಗಿ ಎದ್ದು ಐದು ನಿಮಿಷ ಮಾತಾಡಲಿಲ್ಲ. ಅಮ್ಮನ ಎಳ್ಳುಬೆಲ್ಲವನ್ನು ಮಿತ್‌ನ ಹೆಂಡತಿ ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೊತ್ತಿಕೊಂಡರು. ಅವರನ್ನು ಮಾಮ 'ಮಿತಿನಿ' ಎಂದು ಕರೆಯುತ್ತಿದ್ದರು. ಮಿತ್ ಕುಳ್ಳ ಮನುಷ್ಯ, ಮಾತು ಕಡಿಮೆ. ಮಾಮ ಒಂದೇ ಸಮನೆ ಹರಟುವುದು, ಅವರು ಗೆಣಸಿನ ಸಿಪ್ಪೆ ತೆಗೆದು ತೆಗೆದು ಮಾಮನ ಎಲೆಗೆ ಹಾಕುವುದು. "ಏನ್ರೀ, ಹೆತ್ತಮ್ಮನೂ ಹೀಗೆ ತಿನ್ನಿಸಲ್ವಲ್ಲ" ಎಂದು ಅಮ್ಮ ಅಪ್ಪನ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ನಾನು ಕಂಡ ಅತ್ಯಂತ ಸಂತೋಷದ ಊಟ ಅದು. ಅಂಥದ್ದು ಮತ್ತೆ ಬರಲಿಲ್ಲ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಬೆಟ್ಟದವರು ತಮಗೆ ಬೇರೆ ರಾಜ್ಯ ಬೇಕೆಂದು ಎದ್ದರು. ಬಂದ್ ಎಂದರೆ ಕಲ್ಕತ್ತದ ಹಾಗೆ ಒಂದು ದಿನ ಕ್ರಿಕೆಟ್ ಆಡುವ ಬಂದ್ ಅಲ್ಲ; ದಿನಗಟ್ಟಲೆ ರಸ್ತೆ ಮುಚ್ಚುತ್ತಿತ್ತು. ಮನೆಗಳು ಉರಿದ ಸುದ್ದಿ, ಗುಂಡು ಹಾರಿದ ಸುದ್ದಿ ಪೇಪರಿನಲ್ಲಿ ಬರುತ್ತಿತ್ತು. ಆ ವರ್ಷದ ಪ್ರಯಾಣ ನಿಂತಿತು. ಮಾಮ ಬರೆದ ಕಾಗದಗಳಿಗೆ ಉತ್ತರ ಬರುವುದೂ ನಿಂತಿತು. ಬೆಳಿಗ್ಗೆ ಪೇಪರ್ ಬಂದ ಕೂಡಲೇ ಲುಂಗಿಯಲ್ಲೇ ಕೆಳಗಿಳಿದು ಬಂದು, ಮೆಟ್ಟಿಲ ಮೇಲೆ ಕೂತು, ಸತ್ತವರ ಹೆಸರುಗಳ ಮೇಲೆ ಬೆರಳಾಡಿಸಿ ಮಿತ್‌ನ ಹೆಸರು ಹುಡುಕುತ್ತಿದ್ದರು. ಅದು ಅವರದೇ ಹೆಸರು ಎಂಬುದು ನೋಡುವವರಿಗೆ ವಿಚಿತ್ರವಾಗಿರುತ್ತಿತ್ತು.

ಎರಡು ಬಂದ್‌ಗಳ ನಡುವೆ, ಡಿಸೆಂಬರಿನ ಒಂದು ಮಧ್ಯಾಹ್ನ ಬುಟ್ಟಿ ಬಂತು.

ತಂದವನು ಹಳೆಯ ಡ್ರೈವರ್ ಅಲ್ಲ, ಹೊಸಬ. ನಾನು ಶಾಲೆಯಿಂದ ಬಂದು ಮೆಟ್ಟಿಲು ಹತ್ತುತ್ತಿದ್ದೆ. ಮಾಮ ಬಾಗಿಲಲ್ಲೇ ಬುಟ್ಟಿಯ ಹಗ್ಗ ಕಿತ್ತು, "ನೋಡಿದ್ಯಾ! ಆರಾಮಿದ್ದಾನೆ! ಅಂಚೆ ನಿಂತರೆ ಎಂತ, ಕಿತ್ತಳೆ ನಿಂತಿದಾ?" ಎಂದು ನನ್ನನ್ನೂ ಡ್ರೈವರನ್ನೂ ಒಟ್ಟಿಗೇ ತಬ್ಬಿಕೊಳ್ಳುವಂತೆ ಕೂಗಿದರು. ಡ್ರೈವರ್ ಎರಡು ಸಲ "ಬಾಬು, ಒಂದು ಮಾತು" ಎಂದು ಹಿಂದಿಯಲ್ಲಿ ಶುರು ಮಾಡಿದ. ಮಾಮ ಅವನ ಕೈಯಲ್ಲಿ ಎರಡು ಹಣ್ಣು ತುರುಕಿ, ನದಿಯ ಕಥೆ, ಗೆಣಸಿನ ಕಥೆ, ಮಿತ್‌ನ ಕೈಗುಣದ ಕಥೆ ಎಲ್ಲಾ ಹೇಳಿ, ದಾರಿ ತೆರೆದ ದಿನವೇ ಬರುತ್ತೇನೆಂದು ಹೇಳು ಎಂದು ಬೆನ್ನು ತಟ್ಟಿ ಕಳಿಸಿದರು. ಅವನು ಹಣ್ಣುಗಳನ್ನು ತಿನ್ನಲಿಲ್ಲ. ಕೆಳಗೆ ಹೋಗುವಾಗ ಮಾಲೀಕರ ಕಿಟಕಿಯ ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟು ಹೋದ. ನಾನು ಅದನ್ನು ಕಂಡೆ. ಯಾಕೆ ಎಂದು ಯೋಚಿಸುವ ವಯಸ್ಸು ನನಗಾಗಿತ್ತು, ಯೋಚಿಸಲಿಲ್ಲ.

ಮರುವರ್ಷವೂ ಬುಟ್ಟಿ ಬಂತು, ಮಾರುಕಟ್ಟೆಯ ಹಮಾಲಿಯೊಬ್ಬ ಕೆಳಗೆ ಇಟ್ಟು ಹೋದ. ಮಾಮ ಮೊದಲಿಗಿಂತ ಹೆಚ್ಚು ಮನೆಗಳಿಗೆ ಹಂಚಿದರು.

ಅದರ ಮುಂದಿನ ವರ್ಷ ಸರ್ಕಾರಕ್ಕೂ ಬೆಟ್ಟದವರಿಗೂ ಒಪ್ಪಂದವಾಗಿ ದಾರಿ ತೆರೆಯಿತು. ಸಂಕ್ರಾಂತಿಗೆ ಮಾಮ, ಮಾಮಿ, ಕಾಲೇಜಿಗೆ ರಜೆ ಹಾಕಿದ ನಾನು ಹೊರಟೆವು. ರೈಲಿನಲ್ಲಿ ಮಾಮ ಇಡೀ ಡಬ್ಬಿಗೆ ಕೇಳುವಂತೆ ಮಾತಾಡಿದರು. ಜೀಪಿಳಿದು ತೋಟದ ಕಾಲುದಾರಿಯಲ್ಲಿ "ಮಿತ್! ಓ ಮಿತ್!" ಎಂದು ಕೂಗುತ್ತಲೇ ಹತ್ತಿದರು.

ಮಿತಿನಿ ಹೊಸ್ತಿಲಿಗೆ ಬಂದರು. ಹಣೆ ಬರಿದಾಗಿತ್ತು. ಕೊರಳಲ್ಲಿ ಅಲ್ಲಿನ ಮುತ್ತೈದೆಯರು ಹಾಕುವ ಹಸಿರು ಮಣಿಸರ ಇರಲಿಲ್ಲ.

ಮಿತ್ ಸತ್ತು ಎರಡು ವರ್ಷ ದಾಟಿತ್ತು. ಆ ಹೊಸ ಡ್ರೈವರ್ ಬುಟ್ಟಿ ತರುವ ಕೆಲವೇ ದಿನ ಮುಂಚೆ. ಜ್ವರ ಬಂದು ಆಸ್ಪತ್ರೆಗೆ ಒಯ್ಯಲು ರಸ್ತೆಯಲ್ಲಿ ಗಾಡಿ ಇರಲಿಲ್ಲ; ಬೆನ್ನ ಮೇಲಿನ ಬುಟ್ಟಿಯಲ್ಲಿ ಕೂರಿಸಿಕೊಂಡು ಹೊರಟವರು ಅರ್ಧ ದಾರಿಯಿಂದ ವಾಪಸು ಬಂದರು. ಇದನ್ನೆಲ್ಲ ಮಿತಿನಿ ಮುರುಕು ಹಿಂದಿಯಲ್ಲಿ, ಬೇರೆಯವರ ಮನೆಯ ವಿಷಯದಂತೆ ಹೇಳಿದರು. ಹಣ್ಣು ಯಾಕೆ ಕಳಿಸಿದಿರಿ ಎಂದು ಮಾಮಿ ಕೇಳಿದರು. "ಆ ಗಿಡ ನಿಮ್ಮದು. ನಾವು ತಿನ್ನಲು ಆಗುತ್ತದೆಯೇ? ಸುದ್ದಿಯನ್ನೂ ಡ್ರೈವರ್ ಹತ್ತಿರ ಹೇಳಿ ಕಳಿಸಿದ್ದೆವು" ಎಂದರು. ಮಾಮನ ಕಡೆ ತಿರುಗಿ, "ಹದಿಮೂರನೆಯ ದಿನ ಮಿತ್ ಬರುತ್ತಾರೆಂದು ಸಂಜೆಯವರೆಗೆ ಒಂದು ಎಲೆ ಹಾಕಿ ಇಟ್ಟಿದ್ದೆವು. ಬರಲಿಲ್ಲ. ಹೆದರಿರಬೇಕು ಅಂದುಕೊಂಡೆವು" ಎಂದರು.

ಮಿತಿನಿ ಹಬ್ಬದ ಗೆಣಸು ತಂದಿಟ್ಟರು, ಪಕ್ಕದಲ್ಲಿ ಉಪ್ಪು. ಮಾಮ ಉಪ್ಪನ್ನು ಬೆರಳಿನಿಂದ ಆಚೆ ಸರಿಸಿದರು. ಆ ಹೆಂಗಸು ಅದನ್ನು ನೋಡಿ, ಕೋಪವಿಲ್ಲದೆ, ಮಗುವಿಗೆ ತಿಳಿಹೇಳುವಂತೆ, "ಈಗ ಬೇಡ. ಆ ದಿನಗಳು ಮುಗಿದುಹೋದವು" ಎಂದು ಉಪ್ಪನ್ನು ಮತ್ತೆ ಎಲೆಯ ಮೇಲಕ್ಕೆ ಎಳೆದರು. ಮಾಮ ತಿಂದರು. ಅದನ್ನು ನೋಡುವುದಕ್ಕಿಂತ ಅವರು ಗೋಳೋ ಎಂದು ಅತ್ತಿದ್ದರೆ ವಾಸಿಯಾಗಿತ್ತು.

ಇಳಿಯುವ ಜೀಪಿನಲ್ಲಿ ಒಂದೇ ಮಾತು ಆಡಿದರು: "ಅವ ಹೇಳ್ಲಿಕ್ಕೇ ಬಂದಿದ್ದ. ನಾನು ಬಿಡ್ಲಿಲ್ಲ." ಕಿಟಕಿಯ ಕಟ್ಟೆಯ ಮೇಲಿನ ಹಣ್ಣುಗಳ ವಿಷಯ ಆಗಲಾದರೂ ಹೇಳಬಹುದಿತ್ತು. ನಾನು ಹೇಳಲಿಲ್ಲ.

ಆಮೇಲೆ ಬುಟ್ಟಿಯೂ ನಿಂತಿತು. ತೋಟಕ್ಕೆ ರೋಗ ಬಿತ್ತೆಂದು ಮಾರುಕಟ್ಟೆಯವರು ಹೇಳಿದರು. ಕಲ್ಕತ್ತದ ಇತರ ಕನ್ನಡದ ಮನೆಗಳವರು ಪ್ರತಿ ಚಳಿಗಾಲ ಮಂಕಿ ಕ್ಯಾಪ್ ಹಾಕಿಕೊಂಡು, ಥರ್ಮಾಸ್ ಹಿಡಿದು ಡಾರ್ಜಿಲಿಂಗಿಗೆ ಹೊರಟರು. ದಾರಿ ಕೇಳಲು ಮಾಮನ ಹತ್ತಿರವೇ ಬರುತ್ತಿದ್ದರು. ಯಾವ ತಿರುವಿನಲ್ಲಿ ಮೋಮೊ ಚೆನ್ನ, ಎಲ್ಲಿ ಇಸ್ಕುಸ್, ಅಂದರೆ ನಮ್ಮ ಸೀಮೆಬದನೆಯ ಚಿಗುರು ಸಿಗುತ್ತದೆ ಎಂದು ಚೀಟಿ ಬರೆದುಕೊಡುತ್ತಿದ್ದರು. "ನೀವೂ ಬನ್ನಿ" ಎಂದರೆ, "ಹೋಗಿ ಬನ್ನಿ" ಎನ್ನುತ್ತಿದ್ದರು. ಟ್ರಾಮಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಎದುರಿನವರು ಮಾತಾಡಿ ಮುಗಿಸಿದರೂ ಇನ್ನೇನಾದರೂ ಉಳಿದಿದೆಯೇನೋ ಎಂದು ಕಾಯುವುದು ಅಭ್ಯಾಸವಾಯಿತು. ನಿವೃತ್ತಿಯಾದ ಮೇಲೆ ಮಾಮಿ ಊರಿಗೆ ಹೋಗೋಣ ಎಂದು ಹಟ ಹಿಡಿದರು. "ಅಲ್ಲಿಂದ ಬೆಟ್ಟ ಇನ್ನೂ ದೂರ ಅಲ್ವಾ" ಎಂದರಂತೆ ಮಾಮ. ಇಲ್ಲಿಂದಲೂ ಅವರೇನೂ ಹೋಗಲಿಲ್ಲ.

ಅಪ್ಪ ಅಮ್ಮ ಮೈಸೂರು ಸೇರಿದರು, ನಾನು ಊರಂಚಿನ ಜೋಕಾದ ಕಡೆ ಕೆಲಸ ಹಿಡಿದು ಇಲ್ಲೇ ಉಳಿದೆ. ಭಾನುವಾರಗಳಲ್ಲಿ ಬಸ್ಸು ಹತ್ತಿ ಅವರನ್ನು ನೋಡಲು ಬರುತ್ತಿದ್ದೆ. ಹಾಸಿಗೆ ಹಿಡಿದ ಮೇಲೆ ಒಂದು ಭಾನುವಾರ ನನ್ನ ಮಣಿಕಟ್ಟು ಹಿಡಿದು ಹೇಳಿದರು: "ನಾನು ಹೋದ್ರೆ ಮಿತಿನಿಗೆ ಹೇಳ್ಬೇಕು ನೀನು. ಕಾಗದ ಗೀಗದ ಬೇಡ, ಹೋಗಿಯೇ ಹೇಳ್ಬೇಕು. ಸೂತಕದ ದಿನ ಮುಗಿಯುದ್ರೊಳಗೆ. ಬಾಗಿಲಲ್ಲೇ ಹೇಳಿಬಿಡು ಆಯ್ತಾ, ಒಳಗೆ ಕೂರ್ಬೇಡ. ಚಾ ಕೊಟ್ರೆ ಮತ್ತೆ ಹೇಳ್ಲಿಕ್ಕಾಗುದಿಲ್ಲ." ನಾನು ಮಾತು ಕೊಟ್ಟೆ.

ಎರಡು ವಾರಕ್ಕೆ ತೀರಿಕೊಂಡರು. ಮಂಗಳೂರಿನಿಂದ ತಮ್ಮನ ಮಕ್ಕಳು ಬಂದು ಎಲ್ಲ ಕ್ರಮವಾಗಿ ಮಾಡಿದರು. ಐದನೆಯ ದಿನ ನಾನು ರೈಲು ಹತ್ತಿದೆ. ಅಷ್ಟರಲ್ಲಿ ಬೆಟ್ಟದಲ್ಲಿ ಎರಡನೆಯ ಸಲ ಬೇರೆ ರಾಜ್ಯದ ಕೂಗು ಎದ್ದು, ಮತ್ತೆ ಬಂದ್. ಬೆಟ್ಟದ ಬುಡದ ಸಿಲಿಗುರಿಯಲ್ಲಿ ಇಳಿದಾಗ ಜೀಪುಗಳೆಲ್ಲ ಸಾಲಾಗಿ ನಿಂತಿದ್ದವು. "ಇವತ್ತಿಲ್ಲ ದಿದಿ, ನಾಳೆಯೂ ಇಲ್ಲ" ಎಂದರು. ಲಾಡ್ಜಿನಲ್ಲಿ ಎರಡು ದಿನ ಕಾದೆ. ಮೂರನೆಯ ದಿನ ರಜೆ ಮುಗಿಯುತ್ತಿತ್ತು. ನಡೆದೇ ಹತ್ತಿದವರೂ ಇದ್ದರು, ಕೂಲಿಯವರು, ಹೆಂಗಸರು. ನಾನು ವಾಪಸು ರೈಲು ಹತ್ತಿದೆ.

ಮಾಮಿ ಬಾಗಿಲು ತೆಗೆದವರೇ, "ಹೇಳಿದ್ಯಾ?" ಎಂದರು.

"ಹೇಳಿದೆ."

"ಎಂತ ಹೇಳಿದ್ರು ಅವ್ರು?"

"ಕೇಳಿದ ತಕ್ಷಣ ಉಪ್ಪು ಬಿಟ್ಟರು."

ಮಾಮಿ ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ತಲೆಯ ಮೇಲೆ ಕೈಯಿಟ್ಟು, "ಒಂದು ಮಗಳು ಮಾಡುವ ಕೆಲ್ಸ ಮಾಡಿದೆ ನೀನು" ಎಂದರು. ಆ ಮಾತನ್ನು ಅವರು ಬಂದವರಿಗೆಲ್ಲ ಹೇಳಿದರು, ಸಾಯುವವರೆಗೂ ಹೇಳಿದರು.

ತಿಂಗಳೊಳಗೆ ದಾರಿ ತೆರೆಯಿತು. ಎಷ್ಟೋ ಸಲ ತೆರೆದೇ ಇತ್ತು. ರಜೆಯೂ ಇತ್ತು. ಹೋಗಿ ಆ ಹೊಸ್ತಿಲಲ್ಲಿ ನಿಂತು ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಿಸಿಕೊಳ್ಳುವ ಧೈರ್ಯ ಮಾತ್ರ ಬರಲಿಲ್ಲ. ಮಿತಿನಿ ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ, ಅವರ ಪಾಲಿಗೆ ನಮ್ಮ ಮಾಮ ಇನ್ನೂ ಕಲ್ಕತ್ತದಲ್ಲಿ ಬದುಕಿದ್ದಾರೆ, ಬರುತ್ತಿಲ್ಲ, ಅಷ್ಟೆ.